ಕಪ್ಪು ಸಮುದ್ರದಲ್ಲಿ ನಾನು ಮಾತು ಉಳಿಸಿಕೊಂಡ ಬಗೆ

ಕೊಟ್ಟ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಕ್ಕಾಗಿಯೇ ಕಳೆದ ಭಾನುವಾರ ನಾನು ನನ್ನದೇ ಮನೆಯ ಊಟದ ಮೇಜಿನ ಮುಂದೆ ದ್ರೋಹಿ ಎನಿಸಿಕೊಂಡೆ.

ಆಟದ ಹೆಸರು ಡಿಪ್ಲೊಮಸಿ. ಅಮೆರಿಕದ ಆಲನ್ ಕ್ಯಾಲಮರ್ ರೂಪಿಸಿ 1959ರಲ್ಲಿ ಹೊರತಂದ ಈ ಆಟದಲ್ಲಿ ದಾಳ ಉರುಳಿಸುವ ಪ್ರಶ್ನೆಯೇ ಇಲ್ಲ. 1901ರ ಯುರೋಪಿನ ಏಳು ರಾಜ್ಯಗಳನ್ನು ಏಳು ಜನ ಹಂಚಿಕೊಂಡು, ಮೂಲೆಮೂಲೆಯಲ್ಲಿ ಪಿಸುಗುಟ್ಟಿ, ಆಣೆ ಪ್ರಮಾಣಗಳನ್ನೆಲ್ಲ ಮುಗಿಸಿ, ಬಳಿಕ ತಮ್ಮ ಸೈನ್ಯದ ನಡೆಗಳನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಬೇಕು. ನಕ್ಷೆಯ ಮೇಲಿನ 34 ಕೇಂದ್ರಗಳ ಪೈಕಿ 18 ಹಿಡಿದವರು ಗೆದ್ದಂತೆ. ಆಣೆಯನ್ನು ಪಾಲಿಸಲೇಬೇಕೆಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ.

ನನಗೆ ರಷ್ಯಾ ಬಂದಿತ್ತು, ಭಾವಮೈದನಿಗೆ ಟರ್ಕಿ. ನಾವಿಬ್ಬರೂ ಯುಟಿಲಿಟಿಯಲ್ಲಿ, ಗಡಗಡ ತಿರುಗುತ್ತಿದ್ದ ವಾಷಿಂಗ್ ಮೆಷಿನ್‌ಗೆ ಒರಗಿ ನಿಂತು, ಕಪ್ಪು ಸಮುದ್ರಕ್ಕೆ ಯಾರೂ ಕಾಲಿಡಬಾರದೆಂದು ಒಪ್ಪಂದ ಮಾಡಿಕೊಂಡೆವು. ಆದರೆ ಬರಿಯ ಮಾತನ್ನು ನಂಬುವಷ್ಟು ಎಳಸು ನಾವಾಗಿರಲಿಲ್ಲವಾದ್ದರಿಂದ, ಇಬ್ಬರೂ ಅಲ್ಲಿಗೇ ಹಡಗು ಹೊರಡಿಸುವುದೆಂದು ತೀರ್ಮಾನವಾಯಿತು. ಸಮಬಲದ ಎರಡು ಪಡೆಗಳು ಒಂದೇ ಜಾಗಕ್ಕೆ ನುಗ್ಗಿದರೆ ಡಿಕ್ಕಿಯಾಗಿ ಎರಡೂ ಹೊರಟಲ್ಲೇ ಉಳಿಯುತ್ತವೆ. ಸಮುದ್ರ ಖಾಲಿಯಾಗಿಯೇ ಇರುತ್ತದೆ. ಪರಸ್ಪರ ಅಪನಂಬಿಕೆಯ ಮೇಲೆ ಕಟ್ಟಿದ ಇಷ್ಟು ಭದ್ರವಾದ ಒಪ್ಪಂದ ಇನ್ನೊಂದಿಲ್ಲವೆಂದು ನಾನು ಬೀಗಿದೆ.

ಚೀಟಿ ಬಿಚ್ಚಿದಾಗ ನನ್ನ ಹಡಗು ಸೆವಾಸ್ತೊಪೋಲ್‌ನಿಂದ ಕಪ್ಪು ಸಮುದ್ರಕ್ಕೆ ಹೊರಟಿತ್ತು. ಅವನದು ಅಂಕಾರಾದಿಂದ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿತ್ತು. ಡಿಕ್ಕಿ ಹೊಡೆಯಲು ಯಾರೂ ಇಲ್ಲದ ಕಾರಣ ನಾನು ಸಮುದ್ರದ ನಟ್ಟನಡುವೆ ಒಬ್ಬನೇ ನಿಂತಿದ್ದೆ.

“ಕಾಲಿಡಬಾರದು ಅಂತ ತಾನೇ ಮಾತಾಗಿದ್ದು? ನಾನು ಇಡಲಿಲ್ಲ. ನೀವು ಇಟ್ಟುಬಿಟ್ಟಿರಲ್ಲ, ಭಾವ!”

ಒಪ್ಪಂದದ ಪೂರ್ವಾರ್ಧವನ್ನು ಅವನು ಪಾಲಿಸಿದ್ದ, ಉತ್ತರಾರ್ಧವನ್ನು ನಾನು. ಅವನ ಇನ್ನೊಂದು ಪಡೆ ಸ್ಮಿರ್ನಾದಿಂದ ಆರ್ಮೇನಿಯಾಕ್ಕೆ, ಅಂದರೆ ನನ್ನ ಹಿತ್ತಲ ಬೇಲಿಗೆ, ಬಂದು ನಿಂತದ್ದೇಕೆಂದು ಕೇಳಿದರೆ “ಸುಮ್ಮನೆ” ಎಂದ.

ಮರ್ಯಾದೆ ಉಳಿಸಿಕೊಳ್ಳಲು ಮುಂದಿನ ಸರದಿಯಲ್ಲಿ ಹಡಗನ್ನು ಸೆವಾಸ್ತೊಪೋಲ್‌ಗೆ ಹಿಂದಿರುಗಿಸುವುದಾಗಿ ಎಲ್ಲರೆದುರೇ ಘೋಷಿಸಿ, ಹಾಗೆಯೇ ಬರೆದೆ. ಅದನ್ನು ನಂಬದ ಅವನು ಖಾಲಿ ಬಿದ್ದಿದ್ದ ಸೆವಾಸ್ತೊಪೋಲ್‌ಗೆ ಆರ್ಮೇನಿಯಾದಿಂದ ನುಗ್ಗಿದ. ನಾವು ಬಯಸಿದ್ದ ಡಿಕ್ಕಿ ಈಗ ಆಯಿತು. ನನ್ನ ಮನೆಯ ಬಾಗಿಲಲ್ಲೇ ಆಯಿತು. ನಿಯಮದಂತೆ ನನ್ನ ಹಡಗು ಇದ್ದಲ್ಲೇ, ಎಂದರೆ ಕಪ್ಪು ಸಮುದ್ರದಲ್ಲೇ, ಉಳಿಯಿತು. “ಎರಡನೇ ಸಲ, ಭಾವ!” ಎಂದು ಅವನು ಬೆರಳು ಮಡಿಚಿ ಎಣಿಸಿದ.

ನಾನು ನಿಯಮಪುಸ್ತಕ ಬಿಚ್ಚಿ ವಾದಕ್ಕಿಳಿಯುವಷ್ಟರಲ್ಲಿ, ಹಿಂದಿನ ಸರದಿಯಿಂದ ಗಲೀಷಿಯಾದಲ್ಲಿ ಸದ್ದಿಲ್ಲದೆ ಕುಳಿತಿದ್ದ ಆಸ್ಟ್ರಿಯಾ ತನ್ನ ಚೀಟಿಯನ್ನು ಓದಿ ಖಾಲಿಯಿದ್ದ ನನ್ನ ವಾರ್ಸಾವನ್ನು ಹಿಡಿಯಿತು. ಆಸ್ಟ್ರಿಯಾ ನನ್ನ ಹೆಂಡತಿಯದು. ಮನೆಯವಳೊಂದಿಗೆ ಎಂಥ ಒಪ್ಪಂದವೆಂದುಕೊಂಡು ನಾನು ವಾರ್ಸಾದ ಸೈನ್ಯವನ್ನು ಉಕ್ರೇನಿಗೆ ಸಾಗಿಸಿದ್ದೆ.

“ನನ್ನ ಹತ್ತಿರ ಯಾರಾದರೂ ಏನಾದರೂ ಮಾತಾಡಿದಿರಾ?” ಎಂದು ಅವಳು ತಣ್ಣಗೆ ಕೇಳಿದಳು.

ಭಾವಮೈದ ನನ್ನ ಮುಖ ನೋಡಿದ, ನಾನು ಅವನದು. ಇಬ್ಬರೂ ಎದ್ದು ಮತ್ತೆ ಯುಟಿಲಿಟಿಗೆ ನಡೆದೆವು.