ಎಚ್‌ಐವಿ ರೂಪ ಬದಲಿಸಿದರೆ ಮಾತ್ರೆ ದಂಡವೇ?

‘ಎಚ್‌ಐವಿ ವೈರಸ್ ರೂಪ ಬದಲಿಸಿದೆ, ಇನ್ನು ಮಾತ್ರೆ ನುಂಗಿದರೂ ತಾಯಿಯಿಂದ ಮಗುವಿಗೆ ಬಂದೇ ಬರುತ್ತದೆ’ ಎಂಬ ಸಂದೇಶ ರಾಯಚೂರು, ಸಿಂಧನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮೊದಲ ಮಾತು ನಿಜ. ಎರಡನೆಯದು ಸುಳ್ಳು.

ರೂಪ ಬದಲಿಸುವುದು ಈ ವೈರಸ್ಸಿಗೆ ಹೊಸದೇನಲ್ಲ. ತನ್ನ ನಕಲು ತೆಗೆಯುವಾಗ ಅದು ಆಗಾಗ ತಪ್ಪು ಮಾಡುತ್ತದೆ. ಹಾಗಾಗಿ ಒಬ್ಬ ತಾಯಿಯ ರಕ್ತದಲ್ಲೇ ಹಲವಾರು ತಳಿಗಳಿರುತ್ತವೆ. ಮಗುವಿಗೆ ದಾಟುವುದು ಸಾಮಾನ್ಯವಾಗಿ ಒಂದೋ ಎರಡೋ. ಆದರೆ ಯಾವ ತಳಿ ದಾಟಬೇಕಾದರೂ ರಕ್ತದಲ್ಲಿ ವೈರಸ್ ಇರಬೇಕಲ್ವಾ? ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸೆಯ ಮಾತ್ರೆ, ತಗ್ಗಿಸುವುದು ಅದನ್ನೇ. ಚಿಕಿತ್ಸೆ ಇಲ್ಲದಿದ್ದರೆ ಸೋಂಕು ದಾಟುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ತಗೊಂಡರೆ ಶೇ. 5ಕ್ಕಿಂತ ಕಡಿಮೆ.

ಹೆದರಬೇಕಾದ್ದು ಬೇರೆ ಇದೆ. ಹತ್ತಿ ಬಿಡಿಸುವ ಕೆಲಸದ ಗಡಿಬಿಡಿಯಲ್ಲೋ, ಗುಳೆ ಹೋದಾಗಲೋ ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗುವುದು. ಔಷಧಕ್ಕೆ ಬಗ್ಗದ ತಳಿ ಬೆಳೆಯುವುದು ಆಗಲೇ, ಅದು ಮಗುವಿಗೂ ದಾಟಬಹುದು. ಬೆಂಗಳೂರಿಗೆ ಹೊರಡುವ ಮುಂಚೆ ಎಆರ್‌ಟಿ ಕೇಂದ್ರದಲ್ಲಿ ಹೇಳಿ, ಅಲ್ಲಿನ ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ.

ಮಗುವಿಗೆ ಹುಟ್ಟಿದ ಕೂಡಲೇ ಸೋಂಕು ತಡೆಯುವ ಸಿರಪ್ ಶುರು. ಆರು ವಾರಕ್ಕೆ ಹಿಮ್ಮಡಿ ಚುಚ್ಚಿ, ಕೆಲವೇ ಹನಿ ರಕ್ತವನ್ನು ಕಾಗದಕ್ಕೆ ಹಚ್ಚಿ ಒಣಗಿಸಿ ಪರೀಕ್ಷೆಗೆ ಕಳಿಸುತ್ತಾರೆ. ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.