ಚಿರೇಕಲ್ಲಿಗೆ ಪ್ಲಗ್ ಸಾಲದು

ವಯಸ್ಸಾದವರು ಜಾರದಂತೆ ಹಿಡಿದುಕೊಳ್ಳಲು ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿಯೇ. ಆದರೆ ‘ರಂಧ್ರಕ್ಕೆ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಬಿಗಿದರೆ ಆಯ್ತು’ ಅನ್ನುವುದು ನಮ್ಮ ಕಾರವಾರ, ಕುಮಟಾ ಕಡೆಯ ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ನಡೆಯುವುದಿಲ್ಲ. ಆ ಕಲ್ಲಿನ ತುಂಬ ತೂತು, ತೂತಿನೊಳಗೆ ಮೆತ್ತನೆ ಮಣ್ಣು. ಡ್ರಿಲ್ ಇಟ್ಟರೆ ಕೆಂಪು ಪುಡಿ ಉದುರಿ ರಂಧ್ರ ಅಗಲವಾಗುತ್ತದೆ. ಮೇಲೆ ಟೈಲ್ಸ್ ಇದ್ದರೆ ಗಟ್ಟಿಯಾಗಿಯೇ ಕಾಣುತ್ತದೆ. ಜಾರಿದವರು ಜಗ್ಗಿದಾಗ ಹಿಡಿಕೆ ಪ್ಲಗ್ ಸಮೇತ ಕೈಗೆ ಬರುತ್ತದೆ.

ಗೋಡೆಯ ಆಚೆ ಬದಿ ಸಿಗುವುದಾದರೆ ಆರಪಾರ ಬೋಲ್ಟ್ ಹಾಕಿ, ಹಿಂದೆ ಸ್ಟೀಲ್ ಪಟ್ಟಿ ಕೊಡಿ. ಸಿಗದಿದ್ದರೆ ಹಿಡಿಕೆಯ ಎರಡೂ ತುದಿ ಬರುವಲ್ಲಿ ಆರಿಂಚು ಚೌಕ, ನಾಲ್ಕಿಂಚು ಆಳ, ಒಳಗೆ ಹೋದಂತೆ ಅಗಲವಾಗುವ ಹಾಗೆ ಕೆತ್ತಿಸಿ. ಪುಡಿ ತೊಳೆದು ಕಾಂಕ್ರೀಟ್ ತುಂಬಿ, ಹಸಿಯಿರುವಾಗಲೇ ಬೋಲ್ಟ್ ಹೂತು, ಏಳು ದಿನ ನೀರು ಹಾಕಿ. ಅಷ್ಟರೊಳಗೆ ಯಾರೂ ಮುಟ್ಟಬಾರದು. ಹಿಡಿಕೆಯ ಎತ್ತರ ನೆಲದಿಂದ 80–90 ಸೆಂ.ಮೀ., ಗೋಡೆಯಿಂದ ಅಂತರ ಸುಮಾರು 4 ಸೆಂ.ಮೀ.

ಸಮುದ್ರದ ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಂದು ಕಲೆ ಹಿಡಿಯುತ್ತದೆ. ದುಬಾರಿಯಾದರೂ 316 ದರ್ಜೆಯ ಹಿಡಿಕೆಯನ್ನೇ ತನ್ನಿ. ಟವೆಲ್ ರಾಡನ್ನೇ ಹಿಡಿಕೆ ಅಂದುಕೊಳ್ಳುವ ಉಳಿತಾಯ ಮಾತ್ರ ಬೇಡ.