ಸತ್ಯಾಂಶ: ರೇಷನ್ ಕಾರ್ಡ್ ಊರಿನದಾದರೆ ನಗರದಲ್ಲಿ ಅಕ್ಕಿ ಸಿಗುವುದಿಲ್ಲವೇ?

‘ಬೇರೆ ಊರಿನ ಕಾರ್ಡಿಗೆ ಬೆಂಗಳೂರಿನಲ್ಲಿ ಪಡಿತರ ಕೊಡುವುದಿಲ್ಲ, ಮೊದಲು ಕಾರ್ಡ್ ವರ್ಗಾವಣೆ ಮಾಡಿಸಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ರಾಯಚೂರಿನ ಬಿಪಿಎಲ್ ಕಾರ್ಡ್ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ. ಯಾವ ಊರಿನ ಕಾರ್ಡಿಗೂ ದೇಶದ ಎಲ್ಲಿ ಬೇಕಾದರೂ ಪಡಿತರ ಕೊಡುವ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ 2022ರ ಜೂನ್‌ನಲ್ಲಿ ಕೊನೆಯ ರಾಜ್ಯವಾಗಿ ಅಸ್ಸಾಂ ಸೇರಿದ ಮೇಲೆ ಎಲ್ಲ ಹೊರರಾಜ್ಯಗಳ ಕಾರ್ಡಿಗೂ ಇದೇ ಮಾತು.

ಅಂಗಡಿಯಲ್ಲಿ ಕಾರ್ಡ್ ಅಥವಾ ಆಧಾರ್ ಸಂಖ್ಯೆ ಹೇಳಿ, ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಯಂತ್ರದ ಮೇಲೆ ಬೆರಳಿಟ್ಟರೆ ಸಾಕು. ಕಾರ್ಡ್ ಊರಲ್ಲೇ ಇರಲಿ. ಪಾಲಿನ ಒಂದಷ್ಟನ್ನು ಇಲ್ಲಿ ಪಡೆದು, ಉಳಿದದ್ದನ್ನು ಊರಿನವರು ಅಲ್ಲೇ ಪಡೆಯಬಹುದು. ಹೊರರಾಜ್ಯದವರಿಗೆ ಸಿಗುವುದು ಕೇಂದ್ರದ ಪಾಲು ಮಾತ್ರ: ಆದ್ಯತಾ (ನಮ್ಮಲ್ಲಿ ಬಿಪಿಎಲ್) ಕುಟುಂಬಕ್ಕೆ ತಲೆಗೆ 5 ಕೆ.ಜಿ., ಕಡುಬಡವರ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆ.ಜಿ. 2023ರ ಜನವರಿಯಿಂದ ಇದು ಉಚಿತ. ರಾಜ್ಯ ಸರ್ಕಾರಗಳು ತಮ್ಮ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಗಡಿ ದಾಟುವುದಿಲ್ಲ. ಗೊಂದಲ ಹುಟ್ಟುವುದು ಬಹುಪಾಲು ಇಲ್ಲೇ.

ಕೈಕೊಡುವುದು ಯಂತ್ರ. ಗಾರೆ ಕೆಲಸದವರ ಬೆರಳಚ್ಚು ಸವೆದಿರುತ್ತದೆ. ಕೈ ತೊಳೆದು ಒರೆಸಿ ಬೇರೆ ಬೆರಳಿಡಿ, ಇಲ್ಲವೇ ಮನೆಯ ಇನ್ನೊಬ್ಬರನ್ನು ಕಳಿಸಿ. ಆಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ನವೀಕರಿಸಿ. ಕಾರ್ಡಿಗೆ ಆಧಾರ್ ಜೋಡಣೆ, ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ದೃಢೀಕರಣ) ಆಗಿರದಿದ್ದರೂ ತಡೆಯಾಗುತ್ತದೆ. ವಲಸಿಗರು ಹೆಚ್ಚಿರುವ ಬಡಾವಣೆಯಲ್ಲಿ ದಾಸ್ತಾನು ಬೇಗ ಖಾಲಿಯಾಗಬಹುದು, ಆದ್ದರಿಂದ ತಿಂಗಳ ಕೊನೆಗೆ ಬಿಡಬೇಡಿ. ‘ನಮ್ಮ ಕಾರ್ಡಿನವರಿಗೆ ಮಾತ್ರ’ ಎಂದು ಅಂಗಡಿಯವರು ವಾಪಸ್ ಕಳಿಸಿದರೆ 1967 ಅಥವಾ 14445ಕ್ಕೆ ದೂರು ಕೊಡಿ.